ಬಲ ತೋಳಿನದಲ್ಲ, ಬೆನ್ನಿನದು

“ಹುಡುಗಿಗೆ ಬಿಲ್ಲುಬಾಣ ಯಾಕ್ರೀ, ತೋಳು ಗಂಡಸರಂಗ ಆಗ್ತಾವ” ಎನ್ನುವ ಹಿರಿಯರು ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಇನ್ನೂ ಇದ್ದಾರೆ. ಸೋದರಿಯರೇ, ಅವರಿಗೆ ಬೇಲೂರಿನ ಗುಡಿಯಲ್ಲಿ ಬಿಲ್ಲು ಹಿಡಿದು ನಿಂತ ಮದನಿಕೆಯನ್ನು ತೋರಿಸಿರಿ! ರಾಂಚಿಯ ದೀಪಿಕಾ ಕುಮಾರಿಯ ತಂದೆ ಆಟೋ ಓಡಿಸುತ್ತಿದ್ದರು. ಮಗಳು 2021ರಲ್ಲಿ ಪ್ಯಾರಿಸ್ಸಿನ ವಿಶ್ವಕಪ್ ಸ್ಪರ್ಧೆಯಲ್ಲಿ ಒಂದೇ ದಿನ ಮೂರು ಚಿನ್ನ ಗೆದ್ದಳು.

ಈ ಆಟಕ್ಕೆ ಬೇಕಾದ ಬಲ ತೋಳಿನದಲ್ಲ, ಬೆನ್ನಿನದು. ಬಾವಿಯ ನೀರು ಸೇದಿದವರಿಗೆ ಇದು ಗೊತ್ತು. ಬರೀ ತೋಳಿನಿಂದ ಎಳೆದರೆ ನಾಲ್ಕು ಕೊಡಕ್ಕೇ ಕೈ ಸೋಲುತ್ತದೆ. ಹೆದೆ ಎಳೆಯುವಾಗ ಬೆನ್ನಿನ ಎರಡೂ ರೆಕ್ಕೆ ಎಲುಬು ಒಂದಕ್ಕೊಂದು ಹತ್ತಿರ ಬರಬೇಕು, ಭುಜ ಮಾತ್ರ ಕಿವಿಯತ್ತ ಏರಬಾರದು. ಎಳೆದ ಕೈ ಪ್ರತಿಸಲವೂ ದವಡೆಯ ಕೆಳಗೆ ಅದೇ ಜಾಗದಲ್ಲಿ ಕೂಡಬೇಕು. ಹೆದೆ ಗದ್ದಕ್ಕೂ ಮೂಗಿನ ತುದಿಗೂ ತಾಗಬೇಕು. ಒಲಿಂಪಿಕ್ಸ್‌ನಲ್ಲಿ ಗುರಿ 70 ಮೀಟರ್ ದೂರ, ಹತ್ತು ಅಂಕದ ವೃತ್ತ 12.2 ಸೆಂಟಿಮೀಟರ್ ಅಗಲ. ಗದ್ದದ ಬಳಿ ಕೈ ಅಕ್ಕಿಕಾಳಿನಷ್ಟು ಸರಿದರೂ ಬಾಣ ಅದರ ಹೊರಗೇ! ಬಾಣ ಹೋದ ಮೇಲೂ ಬೆನ್ನಿನ ಬಿಗಿ ಕೂಡಲೇ ಸಡಿಲಿಸಬಾರದು.

ತಾಯಂದಿರು ನೆನಪಿಡಬೇಕಾದ್ದಿಷ್ಟು: ಮೊದಲಿಗೇ ಬಿರುಸಾದ ಬಿಲ್ಲು ಕೊಡಿಸಬೇಡಿ; ಭುಜ ನೋಯುತ್ತದೆ, ಕೆಟ್ಟ ರೂಢಿ ಅಂಟುತ್ತದೆ. ಹಗುರ ಬಿಲ್ಲು ಸಾಕು. ಮನೆಯಲ್ಲಿ ಕನ್ನಡಿಯ ಮುಂದೆ ರಬ್ಬರ್ ಪಟ್ಟಿ ಎಳೆದು ಅಭ್ಯಾಸ ಮಾಡಲಿ. ಬಾಣವಿಲ್ಲದೆ ಎಳೆದ ಹೆದೆ ಬಿಟ್ಟರೆ ಬಿಲ್ಲು ಮುರಿದೀತು, ಹುಷಾರ್. ನಾಲ್ಕು ದಿನ ಗುರಿ ತಪ್ಪಿದರೆ ಬೈಬೇಡ್ರಿ. ಎಷ್ಟು ಅಂಕ ಬಂತೆಂದು ಕೇಳುವ ಮೊದಲು ಮಗಳ ಬೆನ್ನು ನೋಡಿ; ಅದು ನೆಟ್ಟಗಿದ್ದರೆ ಅಂಕ ತಾನಾಗಿ ಬರುತ್ತದೆ.