ರಾತ್ರಿ ಎಷ್ಟ್ ಸಲ ಏಳ್ತ್ರಿ?

ಕುಂದಾಪುರದಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಬೇಕೆಂದರೆ ಅರವತ್ತು ದಾಟಿದ ಅನೇಕ ಗಂಡಸರಿಗೆ ಮಧ್ಯಾಹ್ನದಿಂದಲೇ ತಯಾರಿ. ಸಂಜೆ ನಾಲ್ಕರ ಮೇಲೆ ಚಾ ಇಲ್ಲ, ನೀರೂ ಇಲ್ಲ. ಊಟಕ್ಕೆ ಗಂಜಿ ಬೇಡ, ಒಣ ತಿಂಡಿ ಏನಾದರೂ ಸಾಕು. ಘಾಟಿ ಹತ್ತುವ ಮೊದಲು ಬಸ್ಸು ಎಲ್ಲಿ ನಿಲ್ಲುತ್ತದೆ, ಹತ್ತಿದ ಮೇಲೆ ಎಲ್ಲಿ ನಿಲ್ಲುತ್ತದೆ ಎಂದು ಟಿಕೆಟ್ ಕೊಡುವವನ ಹತ್ತಿರ ಎರಡೆರಡು ಸಲ ವಿಚಾರಣೆ. ಕೊನೆಗೆ ಧೈರ್ಯ ಸಾಲದೆ ಮಗನಿಗೆ ಫೋನು: ‘ಬಸ್ಸ್ ಬ್ಯಾಡ, ಪಂಚಗಂಗಾ ರೈಲಿಗೆ ಬತ್ತೆ.’ ಯಾಕೆ ಎಂದು ಮಗ ಕೇಳುವುದಿಲ್ಲ. ಅಪ್ಪಯ್ಯ ಹೇಳುವುದೂ ಇಲ್ಲ.

ಬಯಲಾಟದ ರಾತ್ರಿಯೂ ಹೀಗೆಯೇ. ಒಂದು ಕಾಲದಲ್ಲಿ ರಂಗಸ್ಥಳದ ಎದುರಿಗೇ ಚಾಪೆ ಹಾಸಿ ಬೆಳಗಿನವರೆಗೆ ಕೂರುತ್ತಿದ್ದವರು ಈಗ ಹಿಂದಿನ ಸಾಲಿನ ಕೊನೆಯ ಕುರ್ಚಿ ಹುಡುಕುತ್ತಾರೆ. ಪ್ರಸಂಗ ರಂಗೇರುವ ಹೊತ್ತಿಗೆ ಎದ್ದು ಕತ್ತಲಿಗೆ ಹೋಗಿ, ಬಹಳ ಹೊತ್ತು ನಿಂತು, ಸಮಾಧಾನವಾಗದೆ ಮರಳುತ್ತಾರೆ. ಕುಂದಾಪುರದ ಕೋಡಿಯ ಸೀವಾಕ್‌ನಲ್ಲಿ ಸಂಜೆ ಗಾಳಿಗೆ ಸೇರುವ ಗೆಳೆಯರಲ್ಲಿ ಎಲ್ಲರಿಗಿಂತ ಮೊದಲು ಮನೆಗೆ ಹೊರಡುವವರು ಒಬ್ಬರಾದರೂ ಇರುತ್ತಾರೆ. ಆ ಗುಂಪಿನಲ್ಲಿ ಬಂಗುಡೆಯ ದರ, ಚುನಾವಣೆ, ಯಾರ ಶುಗರ್ ಎಷ್ಟು, ಯಾರ ಬಿಪಿ ಎಷ್ಟು, ಎಲ್ಲವೂ ಮಾತಿಗೆ ಬರುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ಅದನ್ನು ಗೆದ್ದ ಯುದ್ಧದಂತೆ ಬಣ್ಣಿಸುತ್ತಾರೆ. ಪ್ರಾಸ್ಟೇಟ್ ಗ್ರಂಥಿಯ ಮಾತು ಮಾತ್ರ ಬರುವುದಿಲ್ಲ. ಬಂದರೂ ‘ಪ್ರಾಯ ಆಯ್ತಲೆ ಮಾರಾಯ’ ಎಂಬಲ್ಲಿಗೆ ಮುಗಿಯುತ್ತದೆ.

ಎಲ್ಲವನ್ನೂ ಪ್ರಾಯದ ತಲೆಗೆ ಕಟ್ಟಿ ಸುಮ್ಮನಾಗುವ ಈ ಅಭ್ಯಾಸದಿಂದ ಎರಡು ಬಗೆಯ ನಷ್ಟ ಆಗುತ್ತಿದೆ. ಮದ್ದಿಗೆ ಬಗ್ಗುವ ತೊಂದರೆ ಇರುವವರು ವರ್ಷಗಟ್ಟಲೆ ನರಳುತ್ತಾರೆ. ನಿಜವಾದ ಅಪಾಯ ಇರುವವರು ಕೈಮೀರಿದ ಮೇಲೆ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ.

ಹಣ್ಣಡಿಕೆಯ ನಡುವೆ ದಬ್ಬಣದಲ್ಲಿ ತೂತು ಕೊರೆದು ಒಂದು ಕೊಳವೆ ತೂರಿಸಿದರೆ ಹೇಗಿರುತ್ತದೋ, ಪ್ರಾಸ್ಟೇಟ್ ಹೆಚ್ಚುಕಡಿಮೆ ಹಾಗಿರುತ್ತದೆ. ಮೂತ್ರಕೋಶದ ಬುಡದಲ್ಲಿ ಮೂತ್ರನಾಳವನ್ನು ಸುತ್ತಿಕೊಂಡು ಕೂತ ಗ್ರಂಥಿ ಅದು. ವೀರ್ಯದ ದ್ರವದ ಒಂದು ಪಾಲು ತಯಾರಾಗುವುದು ಅಲ್ಲಿ. ನಡುವಯಸ್ಸು ದಾಟುತ್ತಿದ್ದಂತೆ ನಾಳದ ಸುತ್ತಲಿನ ಒಳಭಾಗ, ಅಂದರೆ ಅಡಿಕೆಯ ತಿರುಳಿನ ಜಾಗ, ನಿಧಾನವಾಗಿ ಊದತೊಡಗುತ್ತದೆ. ನಾಳ ಒತ್ತಿಹೋಗಿ ಧಾರೆ ಸಣ್ಣದಾಗುತ್ತದೆ, ತಡೆತಡೆದು ಬರುತ್ತದೆ, ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುತ್ತದೆ. ಈ ಊತ ಕ್ಯಾನ್ಸರ್ ಅಲ್ಲ, ಕ್ಯಾನ್ಸರಾಗಿ ತಿರುಗುವುದೂ ಇಲ್ಲ. ಕ್ಯಾನ್ಸರ್ ಹುಟ್ಟುವುದು ಹೆಚ್ಚಾಗಿ ಹೊರ ಅಂಚಿನಲ್ಲಿ, ಅಡಿಕೆಯ ಸಿಪ್ಪೆಯ ಜಾಗದಲ್ಲಿ. ನಾಳದಿಂದ ದೂರ ಇರುವುದರಿಂದ ಆರಂಭದಲ್ಲಿ ಅದು ಸಾಮಾನ್ಯವಾಗಿ ಯಾವ ಸೂಚನೆಯನ್ನೂ ಕೊಡುವುದಿಲ್ಲ.

ಊತಕ್ಕೆ ಮದ್ದಿದೆ. ಟ್ಯಾಮ್ಸುಲೋಸಿನ್‌ನಂಥ ಮಾತ್ರೆ ನಾಳದ ಬಿಗಿ ಸಡಿಲಿಸುತ್ತದೆ. ಹಲವರಿಗೆ ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ. ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಮಾತ್ರೆಗಳು ಕೆಲವು ತಿಂಗಳಲ್ಲಿ ಗ್ರಂಥಿಯನ್ನೇ ಕುಗ್ಗಿಸುತ್ತವೆ. ಅದೂ ಸಾಲದಿದ್ದರೆ ಹೊಟ್ಟೆ ಕೊಯ್ಯದೆ, ಮೂತ್ರನಾಳದ ಮೂಲಕವೇ ಉಪಕರಣ ತೂರಿಸಿ ಅಡ್ಡ ಬಂದ ಭಾಗವನ್ನು ಕೆತ್ತಿ ತೆಗೆಯುತ್ತಾರೆ. ಆದರೆ ಬಾಯಿಬಿಟ್ಟು ಹೇಳಿದರೆ ತಾನೆ? ಹೇಳದೆ ಕೂತವರಿಗೆ ಒಂದು ದಿನ ಮೂತ್ರ ಪೂರ್ತಿ ಕಟ್ಟಿ, ಕಿಬ್ಬೊಟ್ಟೆ ಕಲ್ಲಿನಂತಾಗಿ, ನಡುರಾತ್ರಿ ರಿಕ್ಷಾ ಹಿಡಿದು ಓಡಿ ‘ಪೈಪ್’ ಹಾಕಿಸಿಕೊಂಡು ಬರುವ ಪಾಡು. ನೆಗಡಿಗೆ ಕೊಡುವ ಕೆಲವು ಮಾತ್ರೆಗಳೇ ಊದಿದ ಪ್ರಾಸ್ಟೇಟ್ ಇರುವವರಿಗೆ ಮೂತ್ರ ಕಟ್ಟಿಸಬಲ್ಲವು. ಧಾರೆ ಸರಿಯಿಲ್ಲ ಎಂಬ ಒಂದು ಮಾತನ್ನು ಆಡದಿದ್ದರೆ ಅದು ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ವರ್ಷಗಟ್ಟಲೆ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿದರೆ ಕಿಡ್ನಿಗೂ ಏಟು ಬೀಳುತ್ತದೆ.

ಕ್ಯಾನ್ಸರಿನ ಕಥೆ ಇನ್ನೂ ಕಠಿಣ. ಪ್ರಾಸ್ಟೇಟ್‌ನಿಂದ ಹೊರಟ ಅದಕ್ಕೆ ಮೂಳೆಯೆಂದರೆ ಇಷ್ಟ, ಅದರಲ್ಲೂ ಬೆನ್ನು ಮತ್ತು ಸೊಂಟದ ಮೂಳೆ. ಜೀವನವಿಡೀ ಬಲೆ ಎಳೆದವರಿಗೆ, ತೋಟದಲ್ಲಿ ದುಡಿದವರಿಗೆ ಸೊಂಟನೋವು ಹೊಸತಲ್ಲ. ಎಣ್ಣೆ ತಿಕ್ಕಿಸಿ, ಪಟ್ಟು ಹಾಕಿಸಿ ತಿಂಗಳುಗಳು ಹೋದ ಮೇಲೆ ಯಾರೋ ಒಂದು ಎಕ್ಸ್‌ರೇ ಬರೆಯುತ್ತಾರೆ. ಆ ಹಂತದಲ್ಲೂ ಕೈಚೆಲ್ಲಬೇಕಾಗಿಲ್ಲ. ಗಂಡು ಹಾರ್ಮೋನು ಈ ಕ್ಯಾನ್ಸರಿಗೆ ಮೇವು ಎಂದು ಅಮೆರಿಕದ ಚಾರ್ಲ್ಸ್ ಹಗ್ಗಿನ್ಸ್ 1941ರಲ್ಲಿ ತೋರಿಸಿಕೊಟ್ಟರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಹಾರ್ಮೋನು ತಡೆಯುವ ಚುಚ್ಚುಮದ್ದು, ಮಾತ್ರೆಗಳಿಂದ ಅನೇಕರು ವರ್ಷಗಟ್ಟಲೆ ಓಡಾಡಿಕೊಂಡಿರುತ್ತಾರೆ. ಆದರೆ ಪೂರ್ತಿ ವಾಸಿ ಮಾಡುವ ಅವಕಾಶ ಅಷ್ಟರಲ್ಲಿ ಕೈಬಿಟ್ಟಿರುತ್ತದೆ.

2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷ ಸುಮಾರು 38 ಸಾವಿರ ಗಂಡಸರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಕಾಣಿಸಿತು. ಜಗತ್ತಿನಲ್ಲಿ 2020ರಲ್ಲಿ 14 ಲಕ್ಷದಷ್ಟಿದ್ದ ವಾರ್ಷಿಕ ಪ್ರಕರಣಗಳು 2040ಕ್ಕೆ 29 ಲಕ್ಷಕ್ಕೆ ಏರುತ್ತವೆ ಎಂದು ಲ್ಯಾನ್ಸೆಟ್ ಆಯೋಗ 2024ರಲ್ಲಿ ಲೆಕ್ಕ ಹಾಕಿದೆ. ಆಯುಷ್ಯ ಹೆಚ್ಚುತ್ತಿರುವುದೇ ಇದಕ್ಕೆ ಮುಖ್ಯ ಕಾರಣ. ಮಕ್ಕಳು ಬೆಂಗಳೂರು, ಮುಂಬೈ ಸೇರಿ ಹಿರಿಯರಷ್ಟೇ ಮನೆಯಲ್ಲಿ ಉಳಿದಿರುವ ಕುಂದಾಪುರದ ಕಡೆಗೆ ಈ ಲೆಕ್ಕ ದೂರದ್ದೇನಲ್ಲ.

ಹಾಗಾದರೆ ಐವತ್ತು ದಾಟಿದವರೆಲ್ಲ ನಾಳೆಯೇ ಪಿಎಸ್‌ಎ ರಕ್ತಪರೀಕ್ಷೆಗೆ ಸಾಲು ನಿಲ್ಲಬೇಕೇ? ಇಲ್ಲಿ ಪ್ರಾಮಾಣಿಕವಾಗಿ ಮಾತಾಡಬೇಕು. ಪಿಎಸ್‌ಎ ಎಂಬುದು ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೊಟೀನು. ಕ್ಯಾನ್ಸರ್ ಇದ್ದರೆ ಅದರ ಮಟ್ಟ ರಕ್ತದಲ್ಲಿ ಏರಬಹುದು. ಬರೀ ಊತ ಇದ್ದರೂ, ಮೂತ್ರದ ಸೋಂಕು ಇದ್ದರೂ ಏರಬಹುದು. ಫಿನಾಸ್ಟರೈಡ್ ಸೇವಿಸುತ್ತಿರುವವರಲ್ಲಿ ಅದು ಅರ್ಧಕ್ಕರ್ಧ ಇಳಿದು, ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಿಸಲೂಬಹುದು. ಯುರೋಪಿನಲ್ಲಿ 1.6 ಲಕ್ಷಕ್ಕೂ ಹೆಚ್ಚು ಗಂಡಸರನ್ನು 23 ವರ್ಷ ಗಮನಿಸಿದ ಅಧ್ಯಯನದ ಫಲಿತಾಂಶ 2025ರಲ್ಲಿ ಬಂತು. ಪಿಎಸ್‌ಎ ತಪಾಸಣೆಗೆ ಕರೆದವರ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಸಾವು ನೂರಕ್ಕೆ 13ರಷ್ಟು ಕಡಿಮೆ. ಬಿಡಿಸಿ ಹೇಳಿದರೆ 456 ಮಂದಿಯನ್ನು ಕರೆದಾಗ ಒಂದು ಸಾವು ತಪ್ಪಿತು. ಜೀವ ಉಳಿದದ್ದು ನಿಜ. ಎಂದಿಗೂ ತೊಂದರೆ ಕೊಡದ ಕ್ಯಾನ್ಸರುಗಳೂ ಪತ್ತೆಯಾಗಿ ಹಲವರು ಹೆದರಿದ್ದು, ಬೇಡದ ಚಿಕಿತ್ಸೆ ಪಡೆದದ್ದೂ ನಿಜ.

ಪತ್ತೆಯಾದ ಕೂಡಲೇ ಆಪರೇಷನ್ ಎಂದೇನೂ ಇಲ್ಲ. ಬ್ರಿಟನ್ನಿನಲ್ಲಿ ಗ್ರಂಥಿ ದಾಟದ ಕ್ಯಾನ್ಸರ್ ಇದ್ದ 1,643 ಮಂದಿಯನ್ನು ಮೂರು ಗುಂಪು ಮಾಡಿ ಕೆಲವರಿಗೆ ಶಸ್ತ್ರಕ್ರಿಯೆ, ಕೆಲವರಿಗೆ ವಿಕಿರಣ ಕೊಟ್ಟರು, ಉಳಿದವರನ್ನು ಕಾಲಕಾಲಕ್ಕೆ ಪರೀಕ್ಷಿಸುತ್ತ ಕಾದರು. 2023ರಲ್ಲಿ ಹೊರಬಂದ 15 ವರ್ಷದ ಲೆಕ್ಕದಲ್ಲಿ ಮೂರೂ ಗುಂಪುಗಳಲ್ಲಿ ಆ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಸುಮಾರು ಮೂವರು ಮಾತ್ರ. ಕಾದವರಲ್ಲಿ ಕ್ಯಾನ್ಸರ್ ಹರಡಿದ್ದು ಸುಮಾರು ಎರಡು ಪಟ್ಟು, ಅರ್ಧಕ್ಕಿಂತ ಹೆಚ್ಚಿನವರಿಗೆ ಮುಂದೆ ಚಿಕಿತ್ಸೆ ಬೇಕಾಯಿತು. ಆದರೂ ಕಾದವರಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿ ಕತ್ತಿ, ವಿಕಿರಣ ಎರಡೂ ಇಲ್ಲದೆ ಹದಿನೈದು ವರ್ಷ ಕಳೆದರು.

ಇಷ್ಟೆಲ್ಲ ಇರುವುದರಿಂದಲೇ ಮಾತು ಬೇಕು. ಅಮೆರಿಕದ ತಜ್ಞರ ಸಮಿತಿ 2018ರಲ್ಲಿ ಕೊಟ್ಟ ಸಲಹೆಯೂ ಅದೇ: 55ರಿಂದ 69ರ ನಡುವಿನವರು ಲಾಭ ನಷ್ಟ ಎರಡನ್ನೂ ಡಾಕ್ಟರ ಜೊತೆ ಮಾತಾಡಿ ನಿರ್ಧರಿಸಲಿ, 70ರ ಮೇಲೆ ಸಾಮಾನ್ಯ ತಪಾಸಣೆ ಬೇಡ. ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು, ಅಂಥವರು ಇನ್ನೂ ಬೇಗ ಕೇಳುವುದು ಒಳ್ಳೆಯದು. ಆದರೆ ಅಪ್ಪಯ್ಯ ತನಗಾದದ್ದನ್ನು ‘ಮೂತ್ರದ ತೊಂದರೆ’ ಎಂದು ಮುಚ್ಚಿಟ್ಟುಕೊಂಡೇ ಹೋಗಿಬಿಟ್ಟರೆ, ಮಗನಿಗೆ ತನ್ನ ಅಪಾಯ ತಿಳಿಯುವ ದಾರಿಯೇ ಇಲ್ಲ.

ಈ ಸಂಕೋಚ ಹಳ್ಳಿಗಾಡಿನದಷ್ಟೇ ಎಂದುಕೊಳ್ಳಬೇಕಾಗಿಲ್ಲ. ಅಮೆರಿಕದ ರಕ್ಷಣಾ ಸಚಿವರಾಗಿದ್ದ ಲಾಯ್ಡ್ ಆಸ್ಟಿನ್ 2023ರ ಡಿಸೆಂಬರಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡರು. ಜನವರಿಯಲ್ಲಿ ಸೋಂಕಾಗಿ ಮತ್ತೆ ಆಸ್ಪತ್ರೆ ಸೇರಿದರು. ಅಷ್ಟಾದರೂ ವಿಷಯವನ್ನು ಅಧ್ಯಕ್ಷರಿಗೇ ಹೇಳಿರಲಿಲ್ಲ. ಫೆಬ್ರುವರಿಯಲ್ಲಿ ಪತ್ರಕರ್ತರ ಎದುರು ನಿಂತು, ಹೇಳಬೇಕಿತ್ತು, ತಪ್ಪಾಯಿತು ಎಂದರು. ಅದೇ ಜನವರಿಯಲ್ಲಿ ಬ್ರಿಟನ್ನಿನ ದೊರೆ ಚಾರ್ಲ್ಸ್ ತಮ್ಮ ಪ್ರಾಸ್ಟೇಟ್ ಊತದ ಚಿಕಿತ್ಸೆಯನ್ನು ಬಹಿರಂಗವಾಗಿ ತಿಳಿಸಿದಾಗ, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಜಾಲತಾಣದಲ್ಲಿ ಆ ಕಾಯಿಲೆಯ ಮಾಹಿತಿ ಹುಡುಕಿದವರ ಸಂಖ್ಯೆ ಹತ್ತು ಪಟ್ಟಿಗೂ ಹೆಚ್ಚಾಯಿತು. ಒಬ್ಬರು ಬಾಯಿಬಿಟ್ಟರೆ ಸಾಲದೇ?

ಕನ್ನಡಿಗರ ಮನೆಮನೆಗೆ ಗೊತ್ತಿರುವ ಉದಾಹರಣೆ ಶಿವರಾಜ್‌ಕುಮಾರ್ ಅವರದು. ಅವರಿಗೆ ಬಂದದ್ದು ಪ್ರಾಸ್ಟೇಟ್‌ನ ಮಗ್ಗುಲಲ್ಲೇ ಇರುವ ಮೂತ್ರಕೋಶದ ಕ್ಯಾನ್ಸರ್. 2024ರ ಡಿಸೆಂಬರ್ 24ರಂದು ಅಮೆರಿಕದ ಮಯಾಮಿಯಲ್ಲಿ ಮೂತ್ರಕೋಶ ತೆಗೆದು, ಅವರದೇ ಕರುಳಿನಿಂದ ಹೊಸದನ್ನು ರೂಪಿಸಿದರು. ಹೊಸ ವರ್ಷದ ಮೊದಲ ದಿನ ಪತ್ನಿ ಗೀತಾ ಅವರೊಂದಿಗೆ ವಿಡಿಯೊದಲ್ಲಿ ಕಾಣಿಸಿಕೊಂಡು, ಭಯಪಟ್ಟದ್ದನ್ನೂ ಕೀಮೊಥೆರಪಿಯ ನಡುವೆ ಚಿತ್ರೀಕರಣ ಮಾಡಿದ್ದನ್ನೂ ಅವರು ಹೇಳಿಕೊಂಡರು. ತೆರೆಯ ಮೇಲೆ ಯಾರಿಗೂ ಜಗ್ಗದ ನಾಯಕ ಮೂತ್ರಕೋಶದ ಮಾತು ಆಡಿದ್ದರಿಂದ ಅವರ ಗೌರವಕ್ಕೇನೂ ಕುಂದು ಬರಲಿಲ್ಲ. ಪಕ್ಕದಲ್ಲಿ ಹೆಂಡತಿ ಇದ್ದರು ಎಂಬುದನ್ನೂ ಗಮನಿಸಬೇಕು.

ಯಾಕೆಂದರೆ ಚಿಕಿತ್ಸೆಯ ನಂತರದ ಬದುಕು ಇಬ್ಬರದೂ ಹೌದು. ಪ್ರಾಸ್ಟೇಟ್ ತೆಗೆದ ಮೇಲೆ ಕೆಲವು ತಿಂಗಳು ಮೂತ್ರ ತೊಟ್ಟಿಕ್ಕಬಹುದು, ಪ್ಯಾಡ್ ಬೇಕಾಗಬಹುದು. ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮದಿಂದ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ದಾಂಪತ್ಯದ ಸುಖಕ್ಕೆ ಅಡ್ಡಿ ಬರಬಹುದು, ಅದಕ್ಕೂ ಮದ್ದುಗಳಿವೆ. ಹಾರ್ಮೋನು ತಡೆಯುವ ಚಿಕಿತ್ಸೆಯಲ್ಲಿ ಮೈ ಬಿಸಿಯೇರಿ ಬೆವರುತ್ತದೆ, ಮನಸ್ಸು ಕುಗ್ಗುತ್ತದೆ. ಇದನ್ನು ಮೊದಲೇ ತಿಳಿದ ಮನೆಯಲ್ಲಿ ಗಂಡ ಸಿಡಿಮಿಡಿಗೊಂಡರೆ ಹೆಂಡತಿ ಕಾರಣ ಬಲ್ಲಳು. ತಿಳಿಯದ ಮನೆಯಲ್ಲಿ ಇಬ್ಬರೂ ಒಳಗೊಳಗೇ ಬೇಯುತ್ತಾರೆ.

ಕೋಡಿಯಿಂದ ಸುಮಾರು 40 ಕಿಲೋಮೀಟರು ದೂರದ ಮಣಿಪಾಲದಲ್ಲಿ ಮೂತ್ರರೋಗ ತಜ್ಞರಿದ್ದಾರೆ, ಕ್ಯಾನ್ಸರ್ ವಿಭಾಗವಿದೆ. ಬಡವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ 30 ದಾಟಿದವರ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಹುಡುಕುತ್ತಾರೆ. ಪ್ರಾಸ್ಟೇಟ್ ಆ ಪಟ್ಟಿಯಲ್ಲಿಲ್ಲ. ಎಲ್ಲರಿಗೂ ಪಿಎಸ್‌ಎ ಮಾಡಿಸಲು ಈಗಿರುವ ಪುರಾವೆ ಸಾಲದಿರುವುದರಿಂದ ಅದನ್ನು ತಪ್ಪೆನ್ನಲಾಗದು. ಆದರೆ ಪ್ರಶ್ನೆ ಕೇಳಲು ರಕ್ತ ತೆಗೆಯಬೇಕಾಗಿಲ್ಲ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 1992ರಲ್ಲಿ ಏಳು ಸರಳ ಪ್ರಶ್ನೆಗಳನ್ನು ರೂಪಿಸಿತು. ಧಾರೆ ಹೇಗಿದೆ, ತಡೆತಡೆದು ಬರುತ್ತದೆಯೇ, ತಿಣುಕಬೇಕೇ, ರಾತ್ರಿ ಎಷ್ಟು ಸಲ ಏಳುತ್ತೀರಿ, ಹೀಗೆ. ಒಂದೊಂದಕ್ಕೆ ಸೊನ್ನೆಯಿಂದ ಐದು ಅಂಕ. ಜಗತ್ತಿನ ತುಂಬ ಮೂತ್ರರೋಗ ತಜ್ಞರು ಇಂದಿಗೂ ಇದನ್ನೇ ಬಳಸುತ್ತಾರೆ. ಊರಿನ ಆರೋಗ್ಯ ಕೇಂದ್ರಗಳಲ್ಲಿ ಐವತ್ತು ದಾಟಿದ ಪ್ರತಿಯೊಬ್ಬ ಗಂಡಸಿನ ಕೈಗೆ ಈ ಚೀಟಿ ಸಿಗಬೇಕು. ಕೇಳುವವರು ಗಂಡಸರಾಗಿದ್ದರೆ ಇನ್ನೂ ಒಳ್ಳೆಯದು. ಮಗಳ ವಯಸ್ಸಿನ ಆಶಾ ಕಾರ್ಯಕರ್ತೆಯ ಎದುರು ಅಜ್ಜನ ಬಾಯಿ ಕಟ್ಟುವುದು ಸಹಜ.

ಭಾಷೆಯೂ ಊರಿನದೇ ಆಗಿರಲಿ. ಆಸಾಡಿ ಅಮಾಸಿಯಂದು ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸುವ ರೂಢಿ 2019ರಿಂದ ಬೆಳೆದಿದೆ. ಜೂನ್, ಜುಲೈಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬೋಟುಗಳು ದಡ ಸೇರಿ ಕೋಡಿ, ಗಂಗೊಳ್ಳಿಯ ಗಂಡಸರು ಮನೆಯಲ್ಲಿರುವ ಕಾಲವೂ ಅದರ ಆಸುಪಾಸಿನದೇ. ಗಾದೆ, ಒಗಟು, ಹಳೆಯ ತಿಂಡಿಗಳ ನಡುವೆ ಒಬ್ಬ ಡಾಕ್ಟರನ್ನು ಕೂರಿಸಿ, ಆ ಏಳು ಪ್ರಶ್ನೆಗಳನ್ನು ಕುಂದಾಪ್ರ ಕನ್ನಡದಲ್ಲೇ ಓದಿಸಬಹುದು. ಏಳರ ಜೊತೆಗೆ ಇನ್ನೂ ಒಂದು ಪ್ರಶ್ನೆ ಆ ಚೀಟಿಯಲ್ಲಿರುತ್ತದೆ. ಅದು ಧಾರೆಯ ಬಗ್ಗೆ ಕೇಳುವುದಿಲ್ಲ: ‘ಇನ್ ಮುಂದೂ ಹೀಂಗೇ ಇರ್ಕ್ ಅಂದ್ರೆ ನಿಮ್ಗೆ ಹ್ಯಾಂಗ್ ಅನ್ಸತ್ತ್?’ ಭಾನುವಾರ ಬೆಂಗಳೂರಿನಿಂದ ಮನೆಗೆ ಫೋನು ಮಾಡುವ ಮಗ, ಅಪ್ಪಯ್ಯ ಬಸ್ಸು ಬಿಟ್ಟು ರೈಲು ಹಿಡಿದ ಕಾರಣವನ್ನು ಈ ಪ್ರಶ್ನೆಯಿಂದಲೇ ಕೇಳಲು ಶುರುಮಾಡಬಹುದು.