ಹೊಡೆದಾಟಕ್ಕೆ ಬರೀ ಐದು ನಿಮಿಷ!

ಆಫೀಸಿನಲ್ಲಿ ಇಬ್ಬರು ಕೈ ಕೈ ಮಿಲಾಯಿಸಿದರೆ ಏನಾಗುತ್ತೆ? ಇಬ್ಬರ ಕೆಲಸವೂ ಹೋಗುತ್ತೆ, ಪೊಲೀಸರು ಬಂದರೂ ಬಂದರು. ಕ್ರಿಕೆಟ್ಟಿನಲ್ಲಿ? 2008ರ ಐಪಿಎಲ್‌ನಲ್ಲಿ ಪಂದ್ಯ ಮುಗಿದ ಮೇಲೆ ಹರ್ಭಜನ್ ಸಿಂಗ್ ಶ್ರೀಶಾಂತ್ ಕೆನ್ನೆಗೆ ಒಂದು ಬಾರಿಸಿದ್ದು ನಿಮಗೆ ನೆನಪಿರಬೇಕು. ಆ ಒಂದು ಏಟಿಗೆ ಉಳಿದ ಇಡೀ ಸೀಸನ್ ಆಡುವಂತಿಲ್ಲ ಅಂತ ಮನೆಗೆ ಕಳಿಸಿದರು. ಆದರೆ ಇಲ್ಲೊಂದು ಆಟ ಇದೆ. ಇಲ್ಲಿ ಇಬ್ಬರು ಗ್ಲೌಸ್ ಬಿಚ್ಚಿ ಎಸೆದು, ಒಬ್ಬರ ಅಂಗಿ ಇನ್ನೊಬ್ಬರು ಹಿಡಿದುಕೊಂಡು, ಮುಖ ಮೂತಿ ನೋಡದೆ ಗುದ್ದಾಡಿದರೆ ಸಿಗೋ ಶಿಕ್ಷೆ ಐದು ನಿಮಿಷ. ಐದೇ ನಿಮಿಷ! ಆಮೇಲೆ ವಾಪಸ್ ಬಂದು ಆಡಬಹುದು.

ಐಸ್ ಹಾಕಿ ಬಗ್ಗೆ ಹೇಳ್ತಾ ಇದೀನಿ. ಹಾಕಿ ಅಂದ ಕೂಡಲೇ ನಮ್ಮವರಿಗೆ ಕೊಡಗು, ಧನರಾಜ್ ಪಿಳ್ಳೈ, ಹಸಿರು ಮೈದಾನ ನೆನಪಾಗುತ್ತೆ. ಇದು ಆ ಹಾಕಿ ಅಲ್ಲ. ಇಲ್ಲಿ ಕೆನಡಾದಲ್ಲಿ ಬರೀ ಹಾಕಿ ಅಂದರೆ ಐಸ್ ಮೇಲೆ ಸ್ಕೇಟ್ ಕಟ್ಟಿಕೊಂಡು, ಚೆಂಡಿನ ಬದಲು ಪಕ್ ಅನ್ನೋ ಕಪ್ಪು ರಬ್ಬರಿನ ಬಿಲ್ಲೆ ಹೊಡೆಯೋ ಆಟ ಅಂತಲೇ ಅರ್ಥ. ಚಳಿಗಾಲದಲ್ಲಿ ಹೊರಗೆ ಕಾಲಿಡೋಕೂ ಆಗದ ಈ ದೇಶದಲ್ಲಿ ನಾನೂ ಮೆಲ್ಲಗೆ ಈ ಆಟದ ಹುಚ್ಚು ಹಚ್ಚಿಕೊಂಡೆ. ಆ ವೇಗ, ಆ ಪಾಸು, ಕಣ್ಣು ಮಿಟುಕಿಸೋದರೊಳಗೆ ಗೋಲು... ಒಮ್ಮೆ ರುಚಿ ಹತ್ತಿದರೆ ಬಿಡೋದು ಕಷ್ಟ. ಹಾಗಾಗಿ ಇದನ್ನ ಆಟದ ಮೇಲಿನ ಸಿಟ್ಟಿನಿಂದ ಬರೀತಿಲ್ಲ, ಪ್ರೀತಿಯಿಂದಲೇ ಬರೀತಿದ್ದೀನಿ ಅಂತ ಮೊದಲೇ ಹೇಳಿಬಿಡ್ತೀನಿ.

ಮೊದಲು ಈ ಹೊಡೆದಾಟ ಹೇಗೆ ನಡೆಯುತ್ತೆ ಅಂತ ನೋಡಿ. ಎನ್.ಎಚ್.ಎಲ್ (ನ್ಯಾಷನಲ್ ಹಾಕಿ ಲೀಗ್) ಶುರುವಾಗಿದ್ದು 1917ರಲ್ಲಿ. ಹೊಡೆದಾಡಿದವರನ್ನ ಆಟದಿಂದಲೇ ಓಡಿಸೋ ಬದಲು ಐದು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂರಿಸಿದರೆ ಸಾಕು ಅನ್ನೋ ನಿಯಮ 1922ರಲ್ಲೇ ಬಂತು. ನೂರು ವರ್ಷ ದಾಟಿತು, ಇವತ್ತಿಗೂ ಅದೇ. ಇಬ್ಬರೂ ಬಾಕ್ಸಿಗೆ ಹೋಗೋದರಿಂದ, ಅವರ ಜಾಗಕ್ಕೆ ಬೇರೆಯವರು ಇಳಿಯೋದರಿಂದ, ಎರಡೂ ತಂಡಕ್ಕೆ ನಷ್ಟ ಅನ್ನೋದೇ ಇಲ್ಲ. ರೆಫರಿಗಳು ಏನು ಮಾಡ್ತಾರೆ? ಸುತ್ತ ನಿಂತು ನೋಡ್ತಾರೆ! ಒಬ್ಬ ಕೆಳಗೆ ಬಿದ್ದ ಮೇಲೋ, ಇಬ್ಬರಿಗೂ ಸುಸ್ತಾದ ಮೇಲೋ ಮಧ್ಯೆ ಹೋಗಿ ಬಿಡಿಸ್ತಾರೆ.

ಹಾಗಂತ ನಿಯಮ ಏನೂ ಬದಲಾಗೇ ಇಲ್ಲ ಅಂತಲ್ಲ. ಇಬ್ಬರ ಜಗಳಕ್ಕೆ ಮೂರನೆಯವನು ನುಗ್ಗಿದರೆ ಆಟದಿಂದ ಹೊರಗೆ ಅಂತ 1971ರಲ್ಲಿ ಬಂತು. ಬೆಂಚಿನಿಂದ ಎದ್ದು ಬಂದು ಹೊಡೆದಾಡಿದರೆ ಪಂದ್ಯಗಳ ಲೆಕ್ಕದಲ್ಲಿ ನಿಷೇಧ ಅಂತ 1987ರಲ್ಲಿ ಬಂತು. ಜಗಳ ಶುರು ಮಾಡಿದವನಿಗೆ ಹೆಚ್ಚಿನ ಶಿಕ್ಷೆ ಅಂತ 1992ರಲ್ಲಿ ಬಂತು. ಅಂದರೆ ಲೀಗಿಗೆ ಜಗಳ ನಿಲ್ಲಿಸೋದು ಹೇಗೆ ಅಂತ ಚೆನ್ನಾಗಿ ಗೊತ್ತು. ಗುಂಪು ಜಗಳವನ್ನ ಹೆಚ್ಚು ಕಡಿಮೆ ನಿಲ್ಲಿಸಿಯೇಬಿಟ್ಟರು. ಇಬ್ಬರ ಜಗಳವನ್ನ ಮಾತ್ರ ಬೇಕು ಅಂತಲೇ ಉಳಿಸಿಕೊಂಡಿದ್ದಾರೆ.

ಯಾಕೆ ಉಳಿಸಿಕೊಂಡರು? ನಾನು ಹೊಸದಾಗಿ ಬಂದಾಗ ಜೊತೆಯಲ್ಲಿ ಕೆಲಸ ಮಾಡೋ ಒಬ್ಬರನ್ನ ಕೇಳಿದ್ದೆ. "ಅದು ಗಲಾಟೆ ಅಲ್ಲ, ಅದೇ ಗಲಾಟೆ ಆಗದ ಹಾಗೆ ತಡೆಯೋದು" ಅಂದರು. ನನಗೆ ತಮಾಷೆ ಅನ್ನಿಸಿತ್ತು. ಆದರೆ ಇಲ್ಲಿನವರು ಬಹಳ ಜನ ಇದನ್ನ ನಿಜವಾಗಿಯೂ ನಂಬ್ತಾರೆ. ಅವರ ವಾದ ಹೀಗೆ: ಇದು ಕೈಯಲ್ಲಿ ಕೋಲು, ಕಾಲಲ್ಲಿ ಚೂರಿಯಂಥ ಸ್ಕೇಟು ಇರೋ ಆಟ. ಸಿಟ್ಟು ಬಂದಾಗ ಮುಷ್ಟಿಯಿಂದ ತೀರಿಸಿಕೊಳ್ಳೋಕೆ ಬಿಟ್ಟರೆ ಕೋಲಿನಿಂದ ಹೊಡೆಯೋದು ತಪ್ಪುತ್ತೆ. ಕುಕ್ಕರಿಗೆ ಸೀಟಿ ಇದ್ದ ಹಾಗೆ. ಮತ್ತೆ, ನಮ್ಮ ತಂಡದ ಸ್ಟಾರ್ ಆಟಗಾರನಿಗೆ ಯಾರಾದರೂ ಕೆಟ್ಟದಾಗಿ ಗುದ್ದಿದರೆ ಉತ್ತರ ಕೊಡೋಕೆ ಒಬ್ಬ ಪೈಲ್ವಾನ್ ಇರಬೇಕು. ಅವನಿಗೆ 'ಎನ್‌ಫೋರ್ಸರ್' ಅಂತ ಹೆಸರು. ಮಹಾನ್ ಆಟಗಾರ ವೇಯ್ನ್ ಗ್ರೆಟ್ಸ್ಕಿಯನ್ನ 1988ರಲ್ಲಿ ಎಡ್ಮಂಟನ್‌ನಿಂದ ಲಾಸ್ ಏಂಜಲೀಸ್‌ಗೆ ಮಾರಿದಾಗ ಅವನ ಜೊತೆ ಕಾವಲಿಗೆ ಮಾರ್ಟಿ ಮೆಕ್‌ಸಾರ್ಲಿಯೂ ಹೋದ. ಇದಕ್ಕೆಲ್ಲ ಬರೆಯದ ಒಂದು ಕಾನೂನು ಇದೆಯಂತೆ, ಅದನ್ನ 'ಕೋಡ್' ಅಂತಾರೆ. ಗುದ್ದಿದವನು ಒಂದು ಸಲ ಹೊಡೆದಾಡಿ ಲೆಕ್ಕ ಚುಕ್ತಾ ಮಾಡಬೇಕು, ಅಲ್ಲಿಗೆ ಮುಗೀತು.

ಕೇಳೋಕೆ ಚೆನ್ನಾಗಿದೆ. ಆದರೆ ನಿಜವಾಗಿ ಲೆಕ್ಕ ಚುಕ್ತಾ ಆಗುತ್ತಾ? ಎರಡು ಉದಾಹರಣೆ ಕೊಡ್ತೀನಿ, ಎರಡೂ ವ್ಯಾಂಕೂವರ್‌ನಲ್ಲಿ ನಡೆದಿದ್ದು.

ಮೊದಲನೆಯದು ಫೆಬ್ರವರಿ 2000. ಅದೇ ಮೆಕ್‌ಸಾರ್ಲಿ, ಈಗ ಬಾಸ್ಟನ್ ತಂಡದಲ್ಲಿ. ಎದುರಾಳಿ ಡೊನಾಲ್ಡ್ ಬ್ರಷೇರ್. ಪಂದ್ಯದ ಶುರುವಿನಲ್ಲೇ ಇಬ್ಬರೂ ಹೊಡೆದಾಡಿದರು, ಬ್ರಷೇರ್ ಗೆದ್ದ. 'ಕೋಡ್' ಪ್ರಕಾರ ಅಲ್ಲಿಗೆ ಮುಗೀಬೇಕಿತ್ತು ತಾನೆ? ಪಂದ್ಯ ಮುಗಿಯಲು ಕೆಲವೇ ಸೆಕೆಂಡು ಇದ್ದಾಗ ಮೆಕ್‌ಸಾರ್ಲಿ ಹಿಂದಿನಿಂದ ಬಂದು ಬ್ರಷೇರ್ ತಲೆಗೆ ಕೋಲಿನಿಂದಲೇ ಬೀಸಿದ. ಬ್ರಷೇರ್ ಬಿದ್ದು ತಲೆ ಐಸಿಗೆ ಬಡಿಯಿತು. ಮೆಕ್‌ಸಾರ್ಲಿ ತಪ್ಪಿತಸ್ಥ ಅಂತ ಕೋರ್ಟೂ ಹೇಳಿತು. ಮುಷ್ಟಿಗೆ ಅವಕಾಶ ಕೊಟ್ಟರೆ ಕೋಲು ಏಳೋದಿಲ್ಲ ಅಂದಿದ್ದರು. ಇಲ್ಲಿ ಮುಷ್ಟಿಯೂ ಆಯಿತು, ಕೋಲೂ ಎದ್ದಿತು. ಅದೂ ಯಾರಿಂದ? ಕಾವಲುಗಾರನಿಂದಲೇ! ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಎರಡನೆಯದು ಇನ್ನೂ ನೋವಿನ ಕಥೆ. ಫೆಬ್ರವರಿ 2004ರಲ್ಲಿ ಕೊಲರಾಡೊ ತಂಡದ ಹೊಸ ಹುಡುಗ ಸ್ಟೀವ್ ಮೂರ್, ವ್ಯಾಂಕೂವರ್ ತಂಡದ ನಾಯಕ ಮಾರ್ಕಸ್ ನಾಸ್ಲುಂಡ್‌ಗೆ ಡಿಕ್ಕಿ ಹೊಡೆದ. ನಾಸ್ಲುಂಡ್ ತಲೆಗೆ ಪೆಟ್ಟಾಯಿತು. ಮಾರ್ಚ್ 8ರಂದು ಎರಡೂ ತಂಡ ಮತ್ತೆ ಎದುರಾದಾಗ ಮೂರ್ ಮೊದಲ ಅವಧಿಯಲ್ಲೇ ಮ್ಯಾಟ್ ಕುಕ್ ಜೊತೆ ಹೊಡೆದಾಡಿದ. ಅಂದರೆ 'ಕೋಡ್' ಕೇಳಿದ ಸಾಲ ತೀರಿಸಿದ. ಆದರೂ ಮೂರನೇ ಅವಧಿಯಲ್ಲಿ ಟಾಡ್ ಬರ್ಟೂಜಿ ಹಿಂದಿನಿಂದ ಬಂದು ತಲೆಗೆ ಗುದ್ದಿ, ಐಸ್ ಮೇಲೆ ಕೆಡವಿ ಮೇಲೆ ಬಿದ್ದ. ಮೂರ್ ಕುತ್ತಿಗೆಯ ಮೂಳೆಗಳು ಮುರಿದವು. ಆತ ಮತ್ತೆ ಎಂದೂ ಎನ್.ಎಚ್.ಎಲ್ ಆಡಲಿಲ್ಲ. ಕೋರ್ಟಿನ ಕೇಸು ರಾಜಿಯಲ್ಲಿ ಮುಗಿಯೋಕೆ 2014ರವರೆಗೆ ಹಿಡಿಯಿತು.

ಸೀಟಿ ಹೊಡೆದ ಮೇಲೂ ಕುಕ್ಕರ್ ಸಿಡಿಯೋದಾದರೆ ಆ ಸೀಟಿ ಯಾಕೆ ಬೇಕು ಹೇಳಿ? ನನಗನ್ನಿಸೋದು ಇಷ್ಟೇ. ಸೇಡು ತೀರಿಸಿಕೊಳ್ಳೋದು ಸರಿ ಅಂತ ಒಮ್ಮೆ ಒಪ್ಪಿಕೊಂಡರೆ, ಎಲ್ಲಿಗೆ ನಿಲ್ಲಿಸಬೇಕು ಅಂತ ಯಾರೂ ಹೇಳೋಕಾಗಲ್ಲ. ಇಷ್ಟಕ್ಕೂ ಬಹಳ ಸಲ ಕೆಟ್ಟದಾಗಿ ಗುದ್ದಿದವನೇ ಹೊಡೆದಾಡೋದಿಲ್ಲ. ಅವನ ಪರವಾಗಿ ಅವರ ಪೈಲ್ವಾನ್, ಇವನ ಪರವಾಗಿ ಇವರ ಪೈಲ್ವಾನ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಆ ಬರೆ ಹಾಕಿಸಿಕೊಂಡವರ ಗತಿ ಏನಾಯಿತು? ಡೆರೆಕ್ ಬೂಗಾರ್ಡ್ ಕೆನಡಾದ ಸಸ್ಕಾಚೆವಾನ್ ಕಡೆಯ ಹುಡುಗ. ಆರು ಅಡಿ ಏಳು ಇಂಚು ಎತ್ತರ. ಆಟದಲ್ಲಿ ಅಷ್ಟಕ್ಕಷ್ಟೇ. ಅವನನ್ನ ಆರಿಸಿಕೊಂಡಿದ್ದು ಗುದ್ದೋಕೆ. ಎನ್.ಎಚ್.ಎಲ್‌ನಲ್ಲಿ 277 ಪಂದ್ಯ ಆಡಿದ, ಹೊಡೆದಿದ್ದು ಮೂರೇ ಗೋಲು. ಡಿಸೆಂಬರ್ 2010ರ ಒಂದು ಹೊಡೆದಾಟದಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೆ ಮತ್ತೆ ಆಡಲಿಲ್ಲ. ಮೇ 2011ರಲ್ಲಿ ನೋವಿನ ಮಾತ್ರೆ ಮತ್ತು ಮದ್ಯ ಎರಡೂ ಸೇರಿ ಪ್ರಾಣ ಹೋಯಿತು. ವಯಸ್ಸು 28. ಬಾಸ್ಟನ್ ಯೂನಿವರ್ಸಿಟಿಯವರು ಅವನ ಮಿದುಳು ಪರೀಕ್ಷೆ ಮಾಡಿದಾಗ ಸಿ.ಟಿ.ಇ ಅನ್ನೋ ಕಾಯಿಲೆ ಕಂಡಿತು. ತಲೆಗೆ ಪದೇ ಪದೇ ಪೆಟ್ಟು ಬಿದ್ದು, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯೋ ಕಾಯಿಲೆ ಇದು. ಸತ್ತ ಮೇಲೆ ಮಿದುಳು ನೋಡಿದರೇ ಖಚಿತವಾಗಿ ಗೊತ್ತಾಗೋದು. ಇವನಿಗಿಂತ ಮುಂಚೆ, 2010ರಲ್ಲಿ 45ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡ ಬಾಬ್ ಪ್ರೋಬರ್ಟ್ ಅನ್ನೋ ಹೆಸರಾಂತ ಎನ್‌ಫೋರ್ಸರ್ ಮಿದುಳಿನಲ್ಲೂ ಅದೇ ಕಂಡಿತ್ತು. ಇನ್ನು ಕೆಳಗಿನ ಲೀಗಿನಲ್ಲಿ, ಒಂಟಾರಿಯೊದ ಡಾನ್ ಸ್ಯಾಂಡರ್ಸನ್ ಅನ್ನೋ 21 ವರ್ಷದ ಆಟಗಾರ ಡಿಸೆಂಬರ್ 2008ರಲ್ಲಿ ಹೊಡೆದಾಡುವಾಗ ಹೆಲ್ಮೆಟ್ ಕಳಚಿ ತಲೆ ಐಸಿಗೆ ಬಡಿದು, ಹೊಸ ವರ್ಷದ ಎರಡನೇ ದಿನ ತೀರಿಕೊಂಡ.

ಎಲ್ಲ ಸಾವಿಗೂ ಹೊಡೆದಾಟವೇ ಕಾರಣ ಅಂತ ಹೇಳೋದು ನ್ಯಾಯ ಅಲ್ಲ. 2023ರಲ್ಲಿ ಒಂದು ಅಧ್ಯಯನ ಬಂತು. ಹೆಚ್ಚು ಹೊಡೆದಾಡಿದ ಎನ್.ಎಚ್.ಎಲ್ ಆಟಗಾರರನ್ನ ಅವರ ಕಾಲದ ಬೇರೆ ಆಟಗಾರರ ಜೊತೆ ಹೋಲಿಸಿ ನೋಡಿದರು. ಸತ್ತವರ ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ, ಆದರೆ ಸತ್ತ ಹೊಡೆದಾಟಗಾರರು ಸರಾಸರಿ ಹತ್ತು ವರ್ಷ ಬೇಗ ಸತ್ತಿದ್ದರು. ಹತ್ತು ವರ್ಷ! ಇಷ್ಟಾದರೂ ಲೀಗಿನ ಕಮಿಷನರ್ ಗ್ಯಾರಿ ಬೆಟ್‌ಮನ್ 2019ರಲ್ಲಿ ಕೆನಡಾದ ಸಂಸದರ ಸಮಿತಿ ಎದುರು, ಹಾಕಿಗೂ ಸಿ.ಟಿ.ಇಗೂ ಸಂಬಂಧ ಖಚಿತವಾಗಿ ಸಾಬೀತಾಗಿಲ್ಲ ಅಂದರು. ಸಾಬೀತಾಗೋವರೆಗೆ ಇನ್ನೂ ಎಷ್ಟು ಮಿದುಳು ಕೊಯ್ಯಬೇಕೋ..

"ಅವರೇನು ಮಕ್ಕಳಾ? ದುಡ್ಡು ತಗೊಂಡು, ಒಪ್ಪಿಯೇ ಆಡ್ತಾರೆ" ಅನ್ನೋದು ಇನ್ನೊಂದು ವಾದ. ಇದು ಗಟ್ಟಿ ವಾದ, ತಳ್ಳಿಹಾಕೋ ಹಾಗಿಲ್ಲ. ಬಾಕ್ಸಿಂಗ್ ಇಲ್ಲವೇ ಅಂತಾರೆ. ಆದರೆ ಬಾಕ್ಸಿಂಗಿನಲ್ಲಿ ತೂಕ ನೋಡಿ ಜೋಡಿ ಮಾಡ್ತಾರೆ, ಕೈಗೆ ಮೆತ್ತನೆ ಗ್ಲೌಸ್ ಹಾಕ್ತಾರೆ, ಕೆಳಗೆ ಕಲ್ಲಿನಂಥ ಐಸ್ ಇರಲ್ಲ. ಅದಕ್ಕಿಂತ ಮುಖ್ಯವಾದದ್ದು, ಒಪ್ಪಿಗೆ ಅನ್ನೋದು ಹುಟ್ಟೋದು ಎಲ್ಲಿ? ಹದಿನಾರು ಹದಿನೇಳರ ಹುಡುಗನಿಗೆ "ನಿನ್ನ ಆಟ ಸಾಲದು, ಮುಷ್ಟಿ ತೋರಿಸಿದರೆ ಜಾಗ ಉಂಟು" ಅಂತ ಅರ್ಥವಾಗಿಬಿಟ್ಟರೆ, ಅವನು ಒಪ್ಪದೆ ಇನ್ನೇನು ಮಾಡ್ತಾನೆ? ದೊಡ್ಡವರ ಲೀಗಿನಲ್ಲಿ ಆ ಕೆಲಸ ಇರೋವರೆಗೆ ಸಣ್ಣ ಊರುಗಳಲ್ಲಿ ಆ ಕೆಲಸಕ್ಕೆ ತಯಾರಾಗೋ ಹುಡುಗರೂ ಇರ್ತಾರೆ.

ಇನ್ನು ಕೆಲವರು, ಅದು ತಾನಾಗೇ ಕಡಿಮೆಯಾಗ್ತಿದೆಯಲ್ಲ, ಬ್ಯಾನ್ ಯಾಕೆ ಅಂತಾರೆ. ಕಡಿಮೆಯಾಗಿದ್ದು ನಿಜ. 2008-09ರ ಸೀಸನ್ನಿನಲ್ಲಿ ಏಳುನೂರಕ್ಕೂ ಹೆಚ್ಚು ಹೊಡೆದಾಟ ನಡೆದಿದ್ದವು. ಹತ್ತು ವರ್ಷದಲ್ಲಿ ಅದು ಮೂರನೇ ಒಂದು ಭಾಗಕ್ಕೆ ಇಳಿಯಿತು. ಕಾವಲುಗಾರ ಇಲ್ಲದೆ ಸ್ಟಾರ್‌ಗಳು ಹೆದರಿ ಕೂತರಾ? ಇಲ್ಲವಲ್ಲ! 2022-23ರಲ್ಲಿ ಕಾನರ್ ಮೆಕ್‌ಡೇವಿಡ್ 153 ಪಾಯಿಂಟ್ ಗಳಿಸಿದ. ಎನ್‌ಫೋರ್ಸರ್‌ಗಳು ಮೆರೆಯುತ್ತಿದ್ದ 1990ರ ದಶಕದ ನಡುವಿನಿಂದ ಈಚೆಗೆ ಯಾರೂ ಅಷ್ಟು ಗಳಿಸಿರಲಿಲ್ಲ. ಆದರೆ ತಾನಾಗೇ ಸಾಯುತ್ತೆ ಅಂತ ಬಿಟ್ಟರೆ ಮತ್ತೆ ಚಿಗುರುತ್ತೆ. ಏಪ್ರಿಲ್ 2024ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ಮತ್ತು ನ್ಯೂಜೆರ್ಸಿ ಪಂದ್ಯ ಶುರುವಾದ ಎರಡು ಸೆಕೆಂಡಿಗೆ, ಗೋಲಿಗಳನ್ನ ಬಿಟ್ಟು ಐಸ್ ಮೇಲಿದ್ದ ಹತ್ತೂ ಜನ ಹೊಡೆದಾಡಿದರು. ಫೆಬ್ರವರಿ 2025ರಲ್ಲಿ ಮಾಂಟ್ರಿಯಲ್‌ನಲ್ಲಿ ಅಮೆರಿಕ-ಕೆನಡಾ ಪಂದ್ಯದ ಮೊದಲ ಒಂಬತ್ತು ಸೆಕೆಂಡಿನಲ್ಲಿ ಮೂರು ಹೊಡೆದಾಟ. ಪಕ್ ಮುಟ್ಟೋಕೂ ಮುಂಚೆ ಯಾರು ಯಾರಿಗೆ ಏನು ಅನ್ಯಾಯ ಮಾಡಿದ್ದರು? ಇದರಲ್ಲಿ 'ಕೋಡ್' ಎಲ್ಲಿ ಬಂತು? ಇದು ಪ್ರದರ್ಶನ, ಅಷ್ಟೇ.

ಜನ ನೋಡ್ತಾರೆ ಅಂತೀರಾ? ನೋಡ್ತಾರೆ. ಅಖಾಡದಲ್ಲಿ ಎಲ್ಲರೂ ಎದ್ದು ನಿಂತು ಕೂಗೋದನ್ನ ನಾನೇ ನೋಡಿದ್ದೀನಿ. ಬೀದಿ ಜಗಳಕ್ಕೂ ಜನ ಸೇರ್ತಾರೆ ಬಿಡಿ. ಆದರೆ ಸ್ಟ್ಯಾನ್ಲಿ ಕಪ್ ಪ್ಲೇ-ಆಫ್ ಬಂದಾಗ ಹೊಡೆದಾಟ ಕಡಿಮೆಯಾಗುತ್ತೆ, ನೋಡುವವರು ಕಡಿಮೆಯಾಗಲ್ಲ. ಒಲಿಂಪಿಕ್ಸ್‌ನಲ್ಲಿ ಹೊಡೆದಾಡಿದವನು ನೇರ ಆಟದಿಂದ ಹೊರಗೆ. 2010ರ ವ್ಯಾಂಕೂವರ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಸಿಡ್ನಿ ಕ್ರಾಸ್ಬಿ ಗೋಲು ಹೊಡೆದು ಕೆನಡಾ ಗೆದ್ದಿದ್ದನ್ನ ಈ ದೇಶ ಇವತ್ತಿಗೂ ನೆನೆಯುತ್ತೆ. ಆ ಆಟ ಸಪ್ಪೆ ಇತ್ತು ಅಂತ ಒಬ್ಬರಾದರೂ ಹೇಳಿದ್ದು ನಾನು ಕೇಳಿಲ್ಲ.

ಹೊಡೆದಾಟಕ್ಕಿಂತ ಓಡಿ ಬಂದು ಡಿಕ್ಕಿ ಹೊಡೆಯೋದರಿಂದಲೇ ಹೆಚ್ಚು ತಲೆಪೆಟ್ಟು ಆಗುತ್ತೆ ಅನ್ನೋರೂ ಇದ್ದಾರೆ. ಸರಿಯಾದ ಮಾತು. ಅದಕ್ಕೂ ಬಿಗಿ ಮಾಡಲಿ. ಆದರೆ ಡಿಕ್ಕಿ ಪಕ್ಕಿಗಾಗಿ ನಡೆಯೋ ಪೈಪೋಟಿಯಲ್ಲಿ ಆಗೋದು. ಹೊಡೆದಾಟ ಆಟ ನಿಲ್ಲಿಸಿ ಮಾಡೋದು. ತೆಗೆದುಹಾಕಿದರೆ ಆಟಕ್ಕೆ ಒಂದು ಕೂದಲೂ ಕೊಂಕಲ್ಲ.

ನಾನು ಕೇಳ್ತಿರೋದು ಜೈಲು, ಕೋರ್ಟು ಅಲ್ಲ. ಹೊಡೆದಾಡಿದರೆ ಆ ಪಂದ್ಯದಿಂದ ಹೊರಗೆ. ಮತ್ತೆ ಹೊಡೆದಾಡಿದರೆ ಮುಂದಿನ ಪಂದ್ಯಗಳಿಗೂ ಇಲ್ಲ. ಇಷ್ಟೇ. ಇದೇನು ಹೊಸ ಕಲ್ಪನೆಯೂ ಅಲ್ಲ. ಅಮೆರಿಕದ ಕಾಲೇಜು ಹಾಕಿಯಲ್ಲಿ ಹೊಡೆದಾಡಿದವನು ಆ ಪಂದ್ಯದ ಜೊತೆ ಮುಂದಿನ ಪಂದ್ಯವನ್ನೂ ಕಳೆದುಕೊಳ್ತಾನೆ. ಕೆಬೆಕ್‌ನ ಜೂನಿಯರ್ ಲೀಗ್ 2023ರಲ್ಲಿ ಇಂಥದ್ದೇ ನಿಯಮ ತಂದಿತು. ಅಲ್ಲಿನ ಆಟವೇನೂ ನಿಂತುಹೋಗಲಿಲ್ಲ. ದೊಡ್ಡವರು ಹದಿಹರೆಯದ ಹುಡುಗರಿಂದ ಕಲಿಯಬೇಕಾದ ಸ್ಥಿತಿ ನೋಡಿ!

ಇಲ್ಲಿ ನೆಲೆಸಿರೋ ನಮ್ಮ ಕನ್ನಡದವರ ಮಕ್ಕಳೂ ಈಗ ಸ್ಕೇಟ್ ಕಟ್ಟಿಕೊಂಡು ಬೆಳಗಿನ ಜಾವ ಐದಕ್ಕೇ ಪ್ರಾಕ್ಟೀಸಿಗೆ ಹೋಗ್ತಿದ್ದಾರೆ. ಆ ಮಕ್ಕಳ ಲೀಗುಗಳಲ್ಲಿ ಹೊಡೆದಾಡಿದರೆ ಆಟದಿಂದ ಹೊರಗೆ ಕಳಿಸ್ತಾರೆ. ಶನಿವಾರ ರಾತ್ರಿ ಅದೇ ಮಕ್ಕಳು ಟೀವಿ ಮುಂದೆ ಕೂತು, ದೊಡ್ಡವರು ಹೊಡೆದಾಡಿ ಐದು ನಿಮಿಷಕ್ಕೆ ವಾಪಸ್ ಬರೋದನ್ನ, ಜನ ಚಪ್ಪಾಳೆ ತಟ್ಟೋದನ್ನ ನೋಡ್ತಾರೆ. "ಅಪ್ಪಾ, ಅವರಿಗೆ ಯಾಕೆ ಬೈಯಲ್ಲ?" ಅಂತ ಕೇಳಿದರೆ ನೀವಾದರೆ ಏನು ಹೇಳ್ತೀರಿ? ನನಗಂತೂ ಎನ್.ಎಚ್.ಎಲ್‌ನವರು ಒಪ್ಪೋವಂಥ ಒಂದೂ ಉತ್ತರ ಹೊಳೆದಿಲ್ಲ. ನಿಮಗೆ ಹೊಳೆದರೆ ಬರೆದು ತಿಳಿಸಿ, ಜಗಳಕ್ಕೆ ನಾನು ರೆಡಿ.. ಬಾಯಿ ಜಗಳಕ್ಕೆ ಮಾತ್ರ :)