ಅರ್ಧ ರೊಟ್ಟಿಯ ಲೆಕ್ಕ

ಕಳೆದ ವಾರ ಬಳ್ಳಾರಿಯಿಂದ ಕುರುಗೋಡಿಗೆ ಬರುವ ಬಸ್ಸಿನಲ್ಲಿ ಪಕ್ಕ ಕೂತ ಹೆಣ್ಣುಮಗಳೊಬ್ಬಳು ನನ್ನನ್ನು ನೋಡಿ, ಕಿಟಕಿ ನೋಡಿ, ಮತ್ತೆ ನನ್ನನ್ನು ನೋಡಿ ಕೊನೆಗೆ ಕೇಳಿಯೇಬಿಟ್ಟಳು. ‘ಅಕ್ಕಾರ, ನೀವು ವಾರಪತ್ರಿಕೆಗೆ ಬರೆಯೋರಲ್ಲೇನ್ರಿ? ಫೋಟೋದಾಗ ದುಂಡುಗದೀರಿ, ಇಲ್ಲಿ ನೋಡಿದ್ರ ಹಿಂಗಾಗೀರಿ. ಶುಗರ್ ಏನ್ರಿ?’

ಫೋಟೋ ಬದಲಿಸಿ ಎಂದು ಸಂಪಾದಕರಿಗೆ ಹೇಳಬೇಕು. ಅದಕ್ಕೂ ಮೊದಲು ನಿಮಗೆ ವಿಷಯ ಹೇಳಬೇಕು. ಶುಗರ್ ಇತ್ತು, ಆದರೆ ತೆಳ್ಳಗಾಗಿದ್ದು ಅದರಿಂದಲ್ಲ. ಹದಿನಾಲ್ಕು ತಿಂಗಳ ಹಿಂದೆ, ಸಂಕ್ರಾಂತಿ ಮುಗಿದ ಮೇಲೆ, ನಾನು ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಬಸ್ಸಿನ ಗೆಳತಿಗೂ ಇಷ್ಟೇ ಹೇಳಿದೆ. ಅವಳ ಕಣ್ಣು ಅರಳಿತು. ‘ಹಂಗಾರ ಈಗ ಏನು ತಿಂದ್ರೂ ನಡೀತೈತೆ ಬಿಡ್ರಿ!’

ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಈ ವಾರದ ಅಂಕಣ.

ನನ್ನ ಎತ್ತರ 156 ಸೆಂಟಿಮೀಟರ್, ಆಗಿನ ತೂಕ 108 ಕಿಲೋ. ಬಿಎಂಐ ಲೆಕ್ಕ ಹಾಕಿದರೆ 44 ದಾಟುತ್ತಿತ್ತು. 2022ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ 35 ದಾಟಿದವರಿಗೆ ಈ ಶಸ್ತ್ರಚಿಕಿತ್ಸೆಯನ್ನು ಸಲಹೆ ಮಾಡಬಹುದು. ನಮ್ಮಂಥ ಏಷ್ಯಾದವರಿಗೆ ಇನ್ನೂ ಕಡಿಮೆ, 27.5ರಿಂದಲೇ ಯೋಚಿಸಬಹುದು ಎನ್ನುತ್ತಾರೆ. ಆದರೆ ನನ್ನನ್ನು ಆಸ್ಪತ್ರೆಗೆ ತಳ್ಳಿದ್ದು ಈ ಅಂಕಿಗಳಲ್ಲ. ಸಕ್ಕರೆ ಕಾಯಿಲೆಯಲ್ಲಿ ಅಪ್ಪನ ಕಾಲ್ಬೆರಳು ಹೋಯಿತು, ಆಮೇಲೆ ಪಾದ ಹೋಯಿತು, ಅರವತ್ತಕ್ಕೆ ಅಪ್ಪನೇ ಹೋದರು. ನನಗೆ ನಲವತ್ತೈದಕ್ಕೆ ಎರಡು ಬಗೆಯ ಮಾತ್ರೆ ಶುರುವಾಗಿತ್ತು. ಮಗಳಿಗಿನ್ನೂ ಒಂಬತ್ತು ವರ್ಷ.

ಮನೆಯವರು ಹೆದರಿದ್ದರು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಬೆಂಗಳೂರಿನಲ್ಲಿ ತೀರಿಕೊಂಡ ಸುದ್ದಿ ಅವ್ವನ ಮನಸ್ಸಿನಿಂದ ಹೋಗಿರಲಿಲ್ಲ. ಇಪ್ಪತ್ತೊಂದರ ಹುಡುಗಿ. ಅದು ಚರ್ಮದಡಿಯ ಕೊಬ್ಬನ್ನು ತೆಗೆಯುವುದು, ಇದು ಜಠರವನ್ನೇ ಸಣ್ಣದು ಮಾಡುವುದು, ಎರಡೂ ಬೇರೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ನಿತಿನ್ ಗಡ್ಕರಿ 2011ರಲ್ಲಿ, ಅರುಣ್ ಜೇಟ್ಲಿ 2014ರಲ್ಲಿ ಮಾಡಿಸಿಕೊಂಡಿದ್ದರು ಎಂದು ಯಜಮಾನರು ಸಾಕ್ಷಿ ಹೇಳಿದರು. ‘ಅವರು ಮಂತ್ರಿಗಳು, ನಿನಗೇನು ಬಂದೈತೆ’ ಅಂದಳು ಅವ್ವ. ಅಪಾಯವೇ ಇಲ್ಲ ಎಂದು ವೈದ್ಯರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸುಸೂತ್ರವಾಗಿ ಮುಗಿಯಿತು.

ನನಗೆ ಮಾಡಿದ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ನಾಳ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವ ಭಾಗವೂ ಕತ್ತರಿಸಿದ ತುಂಡಿನ ಜೊತೆ ಹೋಗುತ್ತದೆ. ಮೊದಲೆರಡು ವಾರ ತಿಳಿನೀರು, ಬೇಳೆಕಟ್ಟು, ಮಜ್ಜಿಗೆ. ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದು, ಆಮೇಲೆ ನಮ್ಮೆಲ್ಲರ ಊಟ. ದಿನಕ್ಕೆ 60 ಗ್ರಾಂ ಪ್ರೋಟೀನು ಹೋಗಲೇಬೇಕು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಜೀವನಪೂರ್ತಿ. ಊಟದ ಜೊತೆ ನೀರಿಲ್ಲ, ಅರ್ಧ ತಾಸು ಬಿಟ್ಟು ಗುಟುಕು ಗುಟುಕಾಗಿ. ನಾಲ್ಕನೇ ತಿಂಗಳಲ್ಲಿ ಕೂದಲು ಗೊಂಚಲು ಗೊಂಚಲಾಗಿ ಉದುರಿ ಅಳು ಬಂದಿತ್ತು, ಮತ್ತೆ ಬೆಳೆಯಿತು. ಇಷ್ಟು ಸಾಕು, ಆಸ್ಪತ್ರೆಯ ಪುರಾಣ ಕೇಳುವವರಿಗಿಂತ ಹೇಳುವವರಿಗೇ ರುಚಿ.

ಹೋದ ವರ್ಷದ ಜಾತ್ರೆ ನನಗೆ ಕಷ್ಟವಾಗಲೇ ಇಲ್ಲ. ಹೋಳಿ ಹುಣ್ಣಿಮೆ ಹೊತ್ತಿಗೆ ನಮ್ಮೂರಿನಲ್ಲಿ ದೊಡ್ಡಬಸವೇಶ್ವರನ ತೇರು. ಗುಡಿಯೊಳಗಿನ ಆ ಏಕಶಿಲೆಯ ನಂದಿಯನ್ನು ನೋಡಿದವರಿಗೆ ಗೊತ್ತು, ಊರಿನ ಹೆಸರು ಹೇಳಿದರೆ ಮೊದಲು ನೆನಪಾಗುವುದೇ ಆತ. ತೇರೆಂದರೆ ಮನೆತುಂಬ ನೆಂಟರು, ಹೋಳಿಗೆ, ಬೀದಿತುಂಬ ಮಿರ್ಚಿ, ಮಂಡಕ್ಕಿ, ಜಿಲೇಬಿ, ಬೆಂಡು ಬತ್ತಾಸು. ಆಗ ನನಗೆ ಹಸಿವೇ ಇರಲಿಲ್ಲ. ಮಿರ್ಚಿಯ ವಾಸನೆ ಬಂದರೂ ಯಾರದೋ ಮನೆಯ ಮದುವೆ ಅನ್ನಿಸುತ್ತಿತ್ತು. ಹನ್ನೊಂದನೇ ತಿಂಗಳಿಗೆ 74 ಕಿಲೋ. ಸಕ್ಕರೆಯ ಮಾತ್ರೆ ಎರಡೂ ನಿಂತವು. ನಾನು ಗೆದ್ದೆ ಎಂದುಕೊಂಡೆ.

ಆಮೇಲಿನ ಮೂರು ತಿಂಗಳಲ್ಲಿ ನಾಲ್ಕು ಕಿಲೋ ಏರಿತು.

ಊಟ ಅದೇ ಅರ್ಧ ರೊಟ್ಟಿ, ಅದೇ ಕಾಳುಪಲ್ಯ. ತೂಕದ ಯಂತ್ರ ಕೆಟ್ಟಿದೆ ಎಂದು ಯಜಮಾನರನ್ನು ಹತ್ತಿಸಿ ನೋಡಿದೆ. ಅವರದು ಸರಿಯಾಗೇ ತೋರಿಸಿತು. ಫೋನಿನಲ್ಲಿ ಆಹಾರ ತಜ್ಞೆಗೆ ಹೇಳಿದಾಗ ಆಕೆ ಬೈಯಲಿಲ್ಲ. ‘ಒಂದು ವಾರ, ಬಾಯಿಗೆ ಹೋಗುವುದನ್ನೆಲ್ಲ ಬರೆಯಿರಿ. ಚಮಚದಷ್ಟಿದ್ದರೂ ಬರೆಯಿರಿ’ ಎಂದರು.

ಮೂರು ಸಾಲು ಬರುತ್ತದೆ ಎಂದುಕೊಂಡಿದ್ದೆ. ಮೊದಲ ದಿನವೇ ಹದಿನಾಲ್ಕು ಸಾಲು ಬಂತು. ಚಹಾದಲ್ಲಿ ಅದ್ದಿದ ಬಿಸ್ಕತ್ತು. ಸಿಹಿ ನೋಡಲೆಂದು ಗೋಧಿಹುಗ್ಗಿ ಒಂದು ಚಮಚ, ಸರಿಯಾಗಿದೆಯೋ ಎಂದು ಇನ್ನೊಂದು ಚಮಚ. ಪಕ್ಕದ ಮನೆಯವರ ಜೊತೆ ಮಾತಾಡುತ್ತ ಒಂದು ಹಿಡಿ ಮಂಡಕ್ಕಿ. ಯಜಮಾನರ ಲೋಟದ ತಳದ ಕಬ್ಬಿನ ಹಾಲು.

ಇಲ್ಲಿದೆ ನೋಡಿ ಗುಟ್ಟು. ಒಣ ಜೋಳದ ರೊಟ್ಟಿಯನ್ನು ಕಾಳಿನ ಜೊತೆ ಇಪ್ಪತ್ತು ಸಲ ಅಗಿದು ನುಂಗಿದರೆ ಆ ಪುಟ್ಟ ನಾಳದಲ್ಲಿ ಅದು ನಿಲ್ಲುತ್ತದೆ, ಅರ್ಧಕ್ಕೇ ‘ಸಾಕು’ ಅನ್ನಿಸುತ್ತದೆ. ಹುಗ್ಗಿ, ಪಾಯಸ, ನೆನೆದ ಬಿಸ್ಕತ್ತು, ಐಸ್‌ಕ್ರೀಮು ನಿಲ್ಲುವುದಿಲ್ಲ, ಜಾರಿ ಹೋಗುತ್ತವೆ. ಹಿಂದೆಯೇ ಮತ್ತಷ್ಟಕ್ಕೆ ಜಾಗವಾಗುತ್ತದೆ. ವೈದ್ಯರು ಹೊಟ್ಟೆಯನ್ನು ಸಣ್ಣದು ಮಾಡಿದ್ದು ನಿಜ, ದಿನವನ್ನು ಸಣ್ಣದು ಮಾಡಿರಲಿಲ್ಲ. ವರ್ಷ ಕಳೆಯುವ ಹೊತ್ತಿಗೆ ಅನೇಕರಿಗೆ ಹಸಿವೂ ಮೆಲ್ಲಗೆ ವಾಪಸು ಬರುತ್ತದಂತೆ. ನನಗೂ ಬಂದಿತ್ತು, ನಾನು ಗುರುತಿಸಿರಲಿಲ್ಲ.

ಈ ಪಟ್ಟಿಯಲ್ಲಿ ಅವ್ವನ ಪಾಲು ದೊಡ್ಡದು. ಅವಳನ್ನು ದೂರಲಾರೆ. 1972ರ ಬರದಲ್ಲಿ ಅವ್ವನಿಗೆ ಹದಿನೇಳು ವರ್ಷ. ಎರಡು ಹೊತ್ತು ನವಣೆ ಗಂಜಿ ಸಿಕ್ಕರೆ ಆವತ್ತು ಹಬ್ಬ ಎನ್ನುತ್ತಾಳೆ. ಅಂಥವಳಿಗೆ ಮಗಳು ತಟ್ಟೆಯಿಂದ ಕೈ ತೆಗೆಯುವುದು ಕಂಡರೆ ಹೊಟ್ಟೆ ಉರಿಯದೆ ಇರುತ್ತದೆಯೇ? ನಮ್ಮ ಕಡೆ ‘ಚೆನ್ನಾಗಿದೀಯಾ’ ಎಂದು ಕೇಳುವ ಬದಲು ‘ಉಂಡ್ಯಾ’ ಎಂದೇ ಕೇಳುವುದು. ‘ಬ್ಯಾಡವ್ವ’ ಎಂದರೆ ಅವಳಿಗೆ ಹೋಳಿಗೆ ಬೇಡ ಎಂದು ಕೇಳಿಸುವುದಿಲ್ಲ, ‘ನೀನು ಬ್ಯಾಡ’ ಎಂದು ಕೇಳಿಸುತ್ತದೆ. ಈ ಜಗಳ ತಪ್ಪಿಸಲು ನಾನು ಕಂಡುಕೊಂಡ ಉಪಾಯವೆಂದರೆ ಎಲ್ಲರಿಗಿಂತ ಮೊದಲೇ ಅಡುಗೆಮನೆಯಲ್ಲಿ ನಿಂತು ನನ್ನ ಅರ್ಧ ರೊಟ್ಟಿ ಮುಗಿಸಿಬಿಡುವುದು. ಮತ್ತೆ ಎಲ್ಲರಿಗೂ ಬಡಿಸುವಾಗ ಅಲ್ಲೊಂದು ಚೂರು, ಇಲ್ಲೊಂದು ಚೂರು.

ವಾರದ ಪಟ್ಟಿಯನ್ನು ರವಿವಾರ ರಾತ್ರಿ ಮುಂದಿಟ್ಟುಕೊಂಡು ಕೂತೆ. ಸಕ್ಕರೆ, ಎಣ್ಣೆ ಲೆಕ್ಕ ಹಾಕಲು ಹೊರಟವಳ ಕಣ್ಣಿಗೆ ಬೇರೆಯೇ ಬಿತ್ತು. ಸೋಮವಾರ: ಮಗಳ ಡಬ್ಬಿಯಲ್ಲಿ ಉಳಿದ ಉಪ್ಪಿಟ್ಟು, ಎರಡು ಚಮಚ. ಮಂಗಳವಾರ: ಡಬ್ಬಿಯ ಚಿತ್ರಾನ್ನ, ಅರ್ಧ ಬಟ್ಟಲು. ಗುರುವಾರ: ಒಂದು ಚಪಾತಿ, ಇಡಿಯದು. ಶನಿವಾರ: ಡಬ್ಬಿ ಮುಚ್ಚಳವನ್ನೇ ತೆಗೆದಿರಲಿಲ್ಲ.

ದಂಡ ಆಗಬಾರದೆಂದು ನಾನು ತಿಂದು ಮುಗಿಸುತ್ತಿದ್ದದ್ದು ನನ್ನ ಮಗಳ ಊಟ.

ಬೆಳಿಗ್ಗೆ ತಲೆ ಬಾಚುವಾಗ ಕೇಳಿದೆ. ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿ, ‘ನಂದೂ ಸಣ್ಣ ಹೊಟ್ಟಿ ಮಾಡ್ಕೊಳ್ಳಾಕತ್ತೀನಿ. ನಿನ್ನಂಗ’ ಅಂದಳು. ನೆನಪಾಗತೊಡಗಿತು. ಅವಳು ಚಿಕ್ಕ ತಟ್ಟೆ ಬೇಕೆಂದು ಹಟ ಮಾಡಿದ್ದು, ಅನ್ನವನ್ನು ಎಣಿಸಿ ಅಗಿಯುತ್ತಿದ್ದದ್ದು, ನಾವೆಲ್ಲ ‘ಅವ್ವನ ಜೆರಾಕ್ಸ್’ ಎಂದು ನಕ್ಕಿದ್ದು. ತೂಕದ ಯಂತ್ರ ಪಡಸಾಲೆಯಲ್ಲೇ ಇತ್ತು. ನಾನು ದಿನಾ ಹತ್ತುತ್ತಿದ್ದೆ. ಇಳಿದರೆ ಮನೆಯಲ್ಲಿ ಚಪ್ಪಾಳೆ. ಅವಳೂ ಹತ್ತುತ್ತಿದ್ದಳು.

ಬಾಚಣಿಗೆ ಕೈಯಲ್ಲೇ ಉಳಿಯಿತು. ಒಂದು ಮಿರ್ಚಿಯ ಮುಂದೆ ಗಟ್ಟಿಯಾಗಿ ನಿಲ್ಲುವುದು ಹೇಗೆಂದು ಹದಿನಾಲ್ಕು ತಿಂಗಳು ಕಲಿತಿದ್ದೆ. ಇದಕ್ಕೆ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ.

ಅವತ್ತೇ ಮಕ್ಕಳ ವೈದ್ಯರಲ್ಲಿ ಕರೆದುಕೊಂಡು ಹೋದೆ. ವಯಸ್ಸಿಗೆ ತಕ್ಕ ತೂಕಕ್ಕಿಂತ ಸ್ವಲ್ಪ ಕಡಿಮೆ, ಈಗಲೇ ಕಂಡಿದ್ದು ಒಳ್ಳೆಯದಾಯಿತು ಎಂದರು. ರಾತ್ರಿ ಅವಳನ್ನು ಕೂರಿಸಿಕೊಂಡು, ಸ್ಲೇಟಿನ ಮೇಲೆ ಎರಡು ಹೊಟ್ಟೆಯ ಚಿತ್ರ ಬರೆದೆ. ಇದು ನನ್ನದು, ಕಾಯಿಲೆ ಇತ್ತು, ಡಾಕ್ಟರು ಕತ್ತರಿಸಿದರು. ಇದು ನಿನ್ನದು, ಕಾಯಿಲೆ ಇಲ್ಲ, ಇನ್ನೂ ಬೆಳೆಯಬೇಕು, ಮೂಳೆಗೂ ಮಿದುಳಿಗೂ ಇದೇ ಅನ್ನ ಕೊಡಬೇಕು. ಅವಳು ಬಹಳ ಹೊತ್ತು ಯೋಚಿಸಿ, ‘ಕತ್ತರಿಸಿದ ತುಂಡು ಎಲ್ಲೈತೆ?’ ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ. ಇಬ್ಬರೂ ನಕ್ಕೆವು.

ಯಂತ್ರ ಈಗ ಅಲ್ಮಾರಿಯೊಳಗೆ, ಬಟ್ಟೆಯ ಹಿಂದೆ. ಸೋಮವಾರ ಬೆಳಿಗ್ಗೆ ಮಾತ್ರ, ಬಾಗಿಲು ಹಾಕಿಕೊಂಡು. ಊಟಕ್ಕೆ ಕೂತಾಗ ದಪ್ಪ, ತೆಳ್ಳ, ಕಿಲೋ ಎಂಬ ಮಾತುಗಳಿಗೆ ಮನೆಯಲ್ಲಿ ಕಡಿವಾಣ. ಯಜಮಾನರು ಎರಡು ಸಲ ಸಿಕ್ಕಿಬಿದ್ದು ಪಾತ್ರೆ ತೊಳೆದಿದ್ದಾರೆ. ಡಬ್ಬಿಯಲ್ಲಿ ಉಳಿದದ್ದು ಎದುರು ಮನೆಯ ಎಮ್ಮೆಗೆ. ಎಲ್ಲಕ್ಕಿಂತ ಕಷ್ಟದ್ದು, ನಾನು ನಿಂತು ತಿನ್ನುವುದನ್ನು ಬಿಟ್ಟು ಎಲ್ಲರ ಜೊತೆ ಕೂರುವುದು. ಮೊದಲು ಕಾಳು, ಮೊಸರು, ಆಮೇಲೆ ರೊಟ್ಟಿ. ನನ್ನದು ಮುಗಿದ ಮೇಲೂ ಏಳದೆ ಕೂತು ಹರಟುತ್ತೇನೆ. ಕೈ ಸುಮ್ಮನಿರುವುದಿಲ್ಲ, ಅದಕ್ಕೆ ಬೆಳ್ಳುಳ್ಳಿ ಸುಲಿಯುತ್ತೇನೆ. ನಾಲ್ಕು ಕಿಲೋದಲ್ಲಿ ಒಂದೂವರೆ ಇಳಿದಿದೆ. ಉಳಿದದ್ದು ಇನ್ನೂ ಅಲ್ಲೇ ಇದೆ.

ಈ ಸಲದ ತೇರಿಗೆ ಇಪ್ಪತ್ತು ಜನ ನೆಂಟರು. ಚಿಕ್ಕಮ್ಮ ಹೋಳಿಗೆಯ ತಟ್ಟೆ ಹಿಡಿದು, ‘ವರ್ಷಕ್ಕೊಂದು ತೇರು, ಒಂದು ತಿಂದ್ರ ಏನಾಗತೈತೆ?’ ಎಂದು ಬಂದೇಬಿಟ್ಟರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವ್ವ, ‘ಆಕಿದು ಬ್ಯಾರೆ ಮಾಡೀನಿ, ನೀವು ಮುಂದ ನಡೀರಿ’ ಎಂದಳು. ಅವಳು ತಂದಿಟ್ಟದ್ದು ಮಕ್ಕಳ ಆಟದ ಅಡುಗೆಗೆ ಮಾಡಿದಂಥ ಹೋಳಿಗೆ, ನನ್ನ ಅಂಗೈಯ ಗುಳಿಯಷ್ಟು. ಒಲೆಯ ಮುಂದೆ ಕೂತು, ಅದಕ್ಕೆಂದೇ ಬೇರೆ ಉಂಡೆ ಕಟ್ಟಿ ತಟ್ಟಿದ್ದಳು. ಎರಡು ತುತ್ತು, ಮೆಲ್ಲಗೆ ಅಗಿದು ತಿಂದೆ.

ಪಕ್ಕದಲ್ಲಿ ಮಗಳು ದೊಡ್ಡ ತಟ್ಟೆಯಲ್ಲಿ ಎರಡನೇ ಹೋಳಿಗೆಯನ್ನು ತುಪ್ಪ ಹಾಲಿನಲ್ಲಿ ಕಲಸಿ ಮುಗಿಸಿ, ಬೆರಳು ನೆಕ್ಕುತ್ತ ಅಜ್ಜಿಯ ಕಡೆ ತಟ್ಟೆ ಚಾಚಿದಳು. ಅವ್ವನ ಕೈ ಹೋಳಿಗೆಯ ಮೇಲೇ ನಿಂತಿತು. ನನ್ನ ಮುಖ ನೋಡಿದಳು.

‘ಹಾಕವ್ವ’ ಅಂದೆ.